ಆಸ್ಪತ್ರೆ ಕೈ ಬದಲಾದಾಗ ರೋಗಿಯ ಕಡತ ಎಲ್ಲಿಗೆ ಹೋಗುತ್ತದೆ?

ಗಡಿನಾಡಿನ ಮನೆಗಳಲ್ಲಿರುವ ಆಸ್ಪತ್ರೆ ಕಾಗದಗಳು ಒಂದೇ ರಾಜ್ಯದವಲ್ಲ. ಎಣ್ಮಕಜೆ, ಮೀಂಜ, ಪೈವಳಿಕೆಯ ಮನೆಗಳಲ್ಲಿ ಕಾಸರಗೋಡು ಜನರಲ್ ಆಸ್ಪತ್ರೆಯ ಓಪಿ ಚೀಟಿಯ ಪಕ್ಕದಲ್ಲೇ ಮಂಗಳೂರು ವೆನ್ಲಾಕಿನ ಡಿಸ್ಚಾರ್ಜ್ ಸಮ್ಮರಿ ಇರುತ್ತದೆ. ತಾಳವಾಡಿಯವರ ಕೈಚೀಲದಲ್ಲಿ ಸತ್ಯಮಂಗಲದ ಚೀಟಿಯೂ ಚಾಮರಾಜನಗರ, ಮೈಸೂರಿನ ಚೀಟಿಯೂ ಇರುತ್ತವೆ. ಆದವಾನಿ, ರಾಯದುರ್ಗದವರು ಬಳ್ಳಾರಿಗೆ ಹೋಗುತ್ತಾರೆ. ಜತ್ತ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ, ಮಿರಜ, ವಿಜಯಪುರ ಮೂರೂ ಬೇಕು. ಒಂದೇ ದೇಹದ ಕಥೆ ಎರಡು ಮೂರು ಊರುಗಳ ಕಪಾಟುಗಳಲ್ಲಿ ಹಂಚಿಹೋಗಿದೆ. ಅಂಥ ಕಪಾಟು ಇರುವ ಆಸ್ಪತ್ರೆಯೇ ಮಾರಾಟವಾದರೆ, ಇನ್ನೊಂದರಲ್ಲಿ ಸೇರಿಹೋದರೆ, ಮೆಡಿಕಲ್ ಕಾಲೇಜಾಗಿ ಬಡ್ತಿ ಪಡೆದರೆ ಅಥವಾ ಬಾಗಿಲು ಹಾಕಿದರೆ ಆ ಕಾಗದಗಳ ಗತಿಯೇನು ಎಂಬುದನ್ನು ತಿಳಿದಿರುವುದು ಗಡಿ ಗ್ರಾಮಗಳ ಜನರಿಗೆ ಬೇರೆಯವರಿಗಿಂತ ಹೆಚ್ಚು ಅಗತ್ಯ.

ಇದು ದೂರದ ಮಾತಲ್ಲ. ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು ಸಹಕಾರಿ ಸಂಸ್ಥೆಯ ಕೈಯಲ್ಲಿತ್ತು. 2018ರಲ್ಲಿ ಕೇರಳ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಅದನ್ನು ವಹಿಸಿಕೊಂಡಿತು. ವಯನಾಡಿನ ಮಾನಂದವಾಡಿ ಜಿಲ್ಲಾಸ್ಪತ್ರೆ 2021ರಲ್ಲಿ ಮೆಡಿಕಲ್ ಕಾಲೇಜಾಗಿ ಬಡ್ತಿ ಪಡೆಯಿತು. ಮೈಸೂರು ಮತ್ತು ಬೆಂಗಳೂರಿನಲ್ಲಿದ್ದ ಕೊಲಂಬಿಯಾ ಏಷ್ಯಾ ಆಸ್ಪತ್ರೆಗಳು 2021ರಲ್ಲಿ ಮಣಿಪಾಲ್ ಹಾಸ್ಪಿಟಲ್ಸ್ ಸಮೂಹಕ್ಕೆ ಸೇರಿದವು. ಅದೇ ಸಮೂಹ 2025ರಲ್ಲಿ ಪುಣೆ, ನಾಸಿಕ, ಕರಾಡ ಮುಂತಾದ ಕಡೆಗಳ ಸಹ್ಯಾದ್ರಿ ಆಸ್ಪತ್ರೆಗಳನ್ನೂ ಕೊಂಡಿತು. ನೀಲಗಿರಿಯ ಉದಕಮಂಡಲದಲ್ಲಿ ಹೊಸ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಕಾಸರಗೋಡಿನ ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸಗೊಂಡ ಮೆಡಿಕಲ್ ಕಾಲೇಜಿನಲ್ಲಿ ಓಪಿ ಆರಂಭವಾದದ್ದು 2022ರಲ್ಲಿ. ಚಟ್ಟಂಚಾಲ್ ಬಳಿ ಟಾಟಾ ಸಂಸ್ಥೆ 2020ರಲ್ಲಿ ಕಟ್ಟಿಕೊಟ್ಟ ಕೋವಿಡ್ ಆಸ್ಪತ್ರೆಯಂತೂ ರೋಗ ಇಳಿದ ಮೇಲೆ ಖಾಲಿಯಾಯಿತು, ಸಿಬ್ಬಂದಿ ಬೇರೆಡೆಗೆ ಹೋದರು. ಬೋರ್ಡು ಬದಲಾದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ರೆಕಾರ್ಡ್ ರೂಮಿನ ಸುದ್ದಿ ಬರುವುದಿಲ್ಲ.

ರೆಕಾರ್ಡ್ ರೂಮಿನ ಒಳಗೆ

ಆಸ್ಪತ್ರೆಯಲ್ಲಿ ದಾಖಲಾದವರ ಕಡತವನ್ನು ನೋಡಿಕೊಳ್ಳುವ ವಿಭಾಗಕ್ಕೆ ಮೆಡಿಕಲ್ ರೆಕಾರ್ಡ್ಸ್ ವಿಭಾಗ, ಚಿಕ್ಕದಾಗಿ ಎಂಆರ್‌ಡಿ ಎನ್ನುತ್ತಾರೆ. ಕೇರಳದ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಇದಕ್ಕೆ ಮೆಡಿಕಲ್ ರೆಕಾರ್ಡ್ಸ್ ಲೈಬ್ರರಿ ಎಂಬ ಹೆಸರಿದೆ. ರೋಗಿ ಮನೆಗೆ ಹೋದ ಮೇಲೆ ವಾರ್ಡಿನಿಂದ ಕಡತ ಇಲ್ಲಿಗೆ ಬರುತ್ತದೆ. ಅದರಲ್ಲಿ ಕೇಸ್ ಶೀಟು, ನರ್ಸುಗಳು ಬರೆದ ಜ್ವರ-ನಾಡಿಯ ಚಾರ್ಟು, ಔಷಧ ಕೊಟ್ಟ ಲೆಕ್ಕ, ಆಪರೇಷನ್ ಟಿಪ್ಪಣಿ, ಒಪ್ಪಿಗೆ ಪತ್ರ, ಲ್ಯಾಬ್ ವರದಿ ಎಲ್ಲವೂ ಇರುತ್ತವೆ. ರೋಗಿಯ ಕೈಗೆ ಸಿಗುವ ಡಿಸ್ಚಾರ್ಜ್ ಸಮ್ಮರಿ ಇಷ್ಟರ ಸಾರಾಂಶ ಮಾತ್ರ. ವಿಮೆ, ಅಪಘಾತ ಪರಿಹಾರ, ಅಂಗವೈಕಲ್ಯ ಪ್ರಮಾಣಪತ್ರ ಎಂದು ಪ್ರಶ್ನೆ ಬಂದಾಗ ಹಲವು ಸಲ ಸಾರಾಂಶ ಸಾಲುವುದಿಲ್ಲ, ಪೂರ್ತಿ ಕಡತವೇ ಬೇಕಾಗುತ್ತದೆ.

ಎಂಆರ್‌ಡಿಯಲ್ಲಿ ಹಾಳೆಗಳನ್ನು ಕ್ರಮವಾಗಿ ಜೋಡಿಸಿ, ಸಹಿ ಬಿಟ್ಟುಹೋದಲ್ಲಿ ವೈದ್ಯರಿಂದ ಹಾಕಿಸಿ, ರೋಗಕ್ಕೆ ಅಂತರರಾಷ್ಟ್ರೀಯ ಸಂಕೇತ ಕೊಟ್ಟು, ನಂಬರಿನ ಪ್ರಕಾರ ರ್‍ಯಾಕಿನಲ್ಲಿ ಇಡುತ್ತಾರೆ. ಸಾವಿರಾರು ಕಡತಗಳ ನಡುವೆ ಒಂದು ಕಡತವನ್ನು ಹುಡುಕಿಕೊಡುವುದು ರೋಗಿಯ ಹೆಸರಲ್ಲ, ನಂಬರು. ಈ ನಂಬರಿನಲ್ಲಿ ಎರಡು ಬಗೆ. ಆಸ್ಪತ್ರೆಗೆ ಮೊದಲ ಬಾರಿ ಬಂದಾಗ ಕೊಟ್ಟು ಜೀವನಪೂರ್ತಿ ಉಳಿಯುವ ರೋಗಿ ನಂಬರು ಒಂದು. ಪ್ರತಿ ಸಲ ದಾಖಲಾದಾಗ ಹೊಸದಾಗಿ ಕೊಡುವ ಐಪಿ ನಂಬರು ಇನ್ನೊಂದು. ಪೊಲೀಸ್ ಪ್ರಕರಣವಾದರೆ ಎಂಎಲ್‌ಸಿ ನಂಬರು ಎಂಬ ಮೂರನೆಯದೂ ಸೇರುತ್ತದೆ.

ಎರಡು ಆಸ್ಪತ್ರೆಗಳು ಒಂದಾದಾಗ ತೊಂದರೆ ಶುರುವಾಗುವುದು ಇಲ್ಲಿಂದಲೇ. ಎರಡು ಕಡೆಯೂ 10452 ಎಂಬ ನಂಬರಿರುತ್ತದೆ, ಇಬ್ಬರು ಬೇರೆ ಬೇರೆ ರೋಗಿಗಳಿಗೆ. ಹೊಸ ಆಡಳಿತ ತನ್ನ ಕಂಪ್ಯೂಟರಿಗೆ ಹೊಂದುವ ಹೊಸ ನಂಬರು ಕೊಡುತ್ತದೆ. ಹಳೆಯ ನಂಬರಿಗೂ ಹೊಸ ನಂಬರಿಗೂ ಸಂಬಂಧ ತೋರಿಸುವ ಒಂದು ಪಟ್ಟಿ ಉಳಿದಿದ್ದರೆ ಸರಿ. ಆ ಪಟ್ಟಿ ಮಾಡದೆ ಇದ್ದರೆ, ಅಥವಾ ಹಳೆಯ ಕಂಪ್ಯೂಟರಿನ ಜೊತೆ ಗುಜರಿಗೆ ಹೋದರೆ, ಕಡತ ರ್‍ಯಾಕಿನಲ್ಲಿ ಸುರಕ್ಷಿತವಾಗಿದ್ದರೂ ಅದು ಯಾರಿಗೂ ಸಿಗದು. ಬೆಂಕಿ, ನೆರೆ, ಗೆದ್ದಲಿನಿಂದ ಕಾಗದ ಹಾಳಾಗುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ನಂಬರಿನ ಕೊಂಡಿ ಕಳಚಿದ್ದು ಕಾಣುವುದಿಲ್ಲ. 'ರೆಕಾರ್ಡ್ ಸಿಗ್ತಾ ಇಲ್ಲ' ಎಂಬ ಉತ್ತರ ಬಂದಲ್ಲೆಲ್ಲ ಕಡತ ನಾಶವಾಗಿದೆ ಎಂದು ತಿಳಿಯಬೇಕಾಗಿಲ್ಲ.

ಗಡಿಯ ಹೆಸರುಗಳ ಗೊಂದಲ

ನಂಬರು ಇಲ್ಲದಿದ್ದರೆ ಹೆಸರಿನಿಂದ ಹುಡುಕಬಹುದಲ್ಲ ಎಂದು ಕೇಳಬಹುದು. ಬೆಂಗಳೂರಿನ ರೋಗಿಗೆ ಅದು ಕೆಲವೊಮ್ಮೆ ಸಾಧ್ಯ. ಗಡಿಯ ರೋಗಿಗೆ ಕಷ್ಟ, ಏಕೆಂದರೆ ಅವನ ಹೆಸರು ಗಡಿ ದಾಟಿದ ಕೂಡಲೇ ವೇಷ ಬದಲಿಸುತ್ತದೆ.

ಬಸಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳಿ. ತಮಿಳು ಲಿಪಿಯಲ್ಲಿ ಪ ಮತ್ತು ಬ ಎರಡಕ್ಕೂ ಒಂದೇ ಅಕ್ಷರ, ಕ ಮತ್ತು ಗ ಎರಡಕ್ಕೂ ಒಂದೇ. ತಾಳವಾಡಿ, ಹೊಸೂರು ಕಡೆಯ ರಿಜಿಸ್ಟರಿನಲ್ಲಿ ತಮಿಳಿನಲ್ಲಿ ಬರೆದ ಬಸಮ್ಮ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಪಸಮ್ಮ ಆಗಿಬಿಡಬಹುದು. ಗಂಗಪ್ಪ ಕಂಗಪ್ಪನಾಗುತ್ತಾನೆ. ಇನಿಷಿಯಲ್ಲಿನ ಕಥೆಯೂ ಹಾಗೆಯೇ. ತಮಿಳುನಾಡಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಹೆಸರಿನ ಮುಂದೆ ಬರುತ್ತದೆ. ಕೇರಳದಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಹೋಗುವುದೇ ಹೆಚ್ಚು. ಆಂಧ್ರ, ತೆಲಂಗಾಣದಲ್ಲಿ ಮನೆತನದ ಹೆಸರು ಮೊದಲು. ಮಹಾರಾಷ್ಟ್ರದ ಫಾರಂನಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಖಾನೆ. ಮದುವೆಯಾದ ಹೆಣ್ಣುಮಗಳಿಗೆ ನಡುವಿನ ಖಾನೆಯಲ್ಲಿ ತಂದೆಯ ಬದಲು ಗಂಡನ ಹೆಸರು. ಅಕ್ಕಲಕೋಟೆಯ ಹೆಣ್ಣುಮಗಳು ಮದುವೆಗೆ ಮುಂಚೆ ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿಸಿಕೊಂಡು, ಮದುವೆಯಾದ ಮೇಲೆ ಕಲಬುರಗಿಗೆ ಹೋದರೆ ಆಕೆಯ ಎರಡು ಕಡತಗಳಲ್ಲಿ ಸ್ವಂತ ಹೆಸರೊಂದನ್ನು ಬಿಟ್ಟು ಬೇರೇನೂ ಹೊಂದುವುದಿಲ್ಲ.

ಇದರ ಮೇಲೆ ವಯಸ್ಸು. ಹಳ್ಳಿಯ ರೋಗಿಗೆ ಹುಟ್ಟಿದ ತಾರೀಕು ಕೇಳುವವರು ಹಿಂದೆ ಕಡಿಮೆ. 'ಎಷ್ಟು, ಐವತ್ತಾ?' ಎಂದು ಕೇಳಿ 50 ಎಂದು ಬರೆದ ಚೀಟಿಗಳು ಈಗಲೂ ಮನೆಗಳಲ್ಲಿವೆ. ಎರಡು ಆಸ್ಪತ್ರೆಗಳ ಪಟ್ಟಿಯನ್ನು ಕಂಪ್ಯೂಟರು ಒಂದುಗೂಡಿಸುವಾಗ ಹೆಸರು, ತಂದೆಯ ಹೆಸರು, ವಯಸ್ಸು, ಫೋನ್ ನಂಬರು ಹೊಂದಿದರೆ ಮಾತ್ರ ಇಬ್ಬರೂ ಒಬ್ಬರೇ ಎಂದು ತಿಳಿಯುತ್ತದೆ. ಹೊಂದದಿದ್ದರೆ ಒಬ್ಬನೇ ರೋಗಿ ಇಬ್ಬರಾಗುತ್ತಾನೆ. ಅದು ಹೇಗೋ ನಡೆಯುತ್ತದೆ. ಒಂದೇ ಹೆಸರಿನ ಇಬ್ಬರು ಒಬ್ಬರಾಗಿಬಿಟ್ಟರೆ ಮಾತ್ರ ಅಪಾಯ. ಒಬ್ಬರ ರಕ್ತದ ಗುಂಪು, ಒಬ್ಬರಿಗೆ ಆಗದ ಔಷಧದ ಮಾಹಿತಿ ಇನ್ನೊಬ್ಬರ ಕಡತ ಸೇರುತ್ತದೆ. ಆದ್ದರಿಂದ ಎಲ್ಲಿಗೆ ಹೋದರೂ ಆಧಾರ್‌ನಲ್ಲಿರುವಂತೆಯೇ ಹೆಸರು ಬರೆಸುವುದು, ಅಂದಾಜು ವಯಸ್ಸಿನ ಬದಲು ಹುಟ್ಟಿದ ವರ್ಷವನ್ನಾದರೂ ಹೇಳುವುದು ಸಣ್ಣ ವಿಷಯವಲ್ಲ. ಕೌಂಟರಿನಲ್ಲಿ ಕೊಟ್ಟ ಚೀಟಿಯಲ್ಲಿ ಹೆಸರು ತಪ್ಪಿದ್ದರೆ ಅಲ್ಲೇ ತಿದ್ದಿಸಬೇಕು.

ಕೈ ಬದಲಾಗುವ ಬಗೆಗಳು

'ವಿಲೀನ' ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳಿದರೂ ಬಗೆಗಳು ಬೇರೆ, ಕಾಗದದ ಜವಾಬ್ದಾರಿಯೂ ಬೇರೆ.

ಆಸ್ಪತ್ರೆ ನಡೆಸುವ ಕಂಪನಿಯ ಷೇರುಗಳನ್ನು ಇನ್ನೊಂದು ಕಂಪನಿ ಕೊಂಡರೆ ಆಸ್ಪತ್ರೆಯ ಕಂಪನಿ ಹಾಗೆಯೇ ಉಳಿಯುತ್ತದೆ, ಒಡೆಯ ಮಾತ್ರ ಬದಲು. ಬೋರ್ಡಿನಲ್ಲಿ ಹೆಸರು ಬೇರೆಯಾದರೂ ಕಡತಗಳ ಹೊಣೆ ಮೊದಲಿನಂತೆಯೇ ಇರುತ್ತದೆ. ಎರಡು ಕಂಪನಿಗಳು 2013ರ ಕಂಪನಿ ಕಾಯ್ದೆಯ ಪ್ರಕಾರ ನ್ಯಾಯಮಂಡಳಿಯ ಒಪ್ಪಿಗೆ ಪಡೆದು ಒಂದಾದರೆ ಹಳೆಯ ಕಂಪನಿಯ ಆಸ್ತಿ, ಸಾಲದ ಜೊತೆಗೆ ಅದರ ಕರ್ತವ್ಯಗಳೂ ಹೊಸದಕ್ಕೆ ಹೋಗುತ್ತವೆ. ಇವೆರಡರಲ್ಲಿ 'ಅದು ಹಳೆಯವರ ಕಾಲದ್ದು, ನಮಗೆ ಗೊತ್ತಿಲ್ಲ' ಎಂಬ ಉತ್ತರಕ್ಕೆ ಆಧಾರವಿಲ್ಲ.

ತಲೆನೋವು ಇರುವುದು ಮೂರನೆಯ ಬಗೆಯಲ್ಲಿ. ಕಟ್ಟಡ, ಯಂತ್ರ, ಹಾಸಿಗೆಗಳನ್ನು ಮಾತ್ರ ಮಾರಿದಾಗ, ಅಥವಾ ಟ್ರಸ್ಟೊಂದರ ಆಸ್ಪತ್ರೆಯನ್ನು ಗುತ್ತಿಗೆಗೆ ನಡೆಸುತ್ತಿದ್ದ ಸಮೂಹ ಬಿಟ್ಟುಹೋದಾಗ ಕಡತ ಯಾರದು ಎಂದು ಕರಾರಿನಲ್ಲಿ ಬರೆದಿರಲೇಬೇಕು. ಬರೆಯದಿದ್ದರೆ ಇಬ್ಬರೂ ಕೈ ತೋರಿಸುವುದು ಇನ್ನೊಬ್ಬರ ಕಡೆಗೆ. ಸಣ್ಣ ನರ್ಸಿಂಗ್ ಹೋಮಿನ ವೈದ್ಯರು ತೀರಿಕೊಂಡೋ ವಯಸ್ಸಾಗಿಯೋ ಬಾಗಿಲು ಹಾಕಿದಾಗಲೂ ಇದೇ ಸ್ಥಿತಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಮಾರಾಟವಿಲ್ಲ, ಬಡ್ತಿ ಇದೆ. ತಾಲೂಕು ಆಸ್ಪತ್ರೆ ಜಿಲ್ಲಾಸ್ಪತ್ರೆಯಾಗುತ್ತದೆ, ಜಿಲ್ಲಾಸ್ಪತ್ರೆ ಮೆಡಿಕಲ್ ಕಾಲೇಜಿಗೆ ಸೇರುತ್ತದೆ. ಆಗ ಆಡಳಿತ ಆರೋಗ್ಯ ಇಲಾಖೆಯಿಂದ ವೈದ್ಯಕೀಯ ಶಿಕ್ಷಣ ಇಲಾಖೆಗೆ ಹೋಗುತ್ತದೆ. ಸೂಪರಿಂಟೆಂಡೆಂಟರು ಬೇರೆ, ಗುಮಾಸ್ತರು ಬೇರೆ, ಬಜೆಟ್ಟಿನ ತಲೆಬರಹವೂ ಬೇರೆ. ಹಳೆಯ ರೆಕಾರ್ಡ್ ಕೀಪರ್ ತನ್ನ ಮೂಲ ಇಲಾಖೆಗೆ ಮರಳಿ ಹೋದರೆ ಯಾವ ಕೋಣೆಯಲ್ಲಿ ಯಾವ ವರ್ಷದ ಕಟ್ಟು ಇದೆ ಎಂಬ ತಿಳಿವಳಿಕೆಯೂ ಅವನ ಜೊತೆ ಬಸ್ ಹತ್ತುತ್ತದೆ. ಬಳ್ಳಾರಿಯಂಥಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಅನಂತರ ವಿಮ್ಸ್ ಆದಂತೆ ಹೆಸರು ಬದಲಾದರೂ ಆಸ್ಪತ್ರೆ ಅದೇ. ಆದರೆ ಗಡಿಯಾಚೆಯ ಕಚೇರಿಯ ಗುಮಾಸ್ತನಿಗೆ ಎರಡು ಹೆಸರುಗಳು ಎರಡು ಆಸ್ಪತ್ರೆಗಳಾಗಿ ಕಾಣಬಹುದು. ರಾಯದುರ್ಗದವರು ಹಳೆಯ ಚೀಟಿ ಕೊಡುವಾಗ ಇದನ್ನು ಬಾಯಲ್ಲಿ ಹೇಳಿ ತಿಳಿಸಬೇಕು.

ಜಿಲ್ಲೆಗಳ ವಿಭಜನೆಯನ್ನೂ ಇದಕ್ಕೇ ಸೇರಿಸಿಕೊಳ್ಳಬೇಕು. ನಾರಾಯಣಪೇಟೆ 2019ರಲ್ಲಿ ಜಿಲ್ಲೆಯಾಯಿತು, ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು. ಹಳೆಯ ಪ್ರಮಾಣಪತ್ರದ ಮೂಲ ಹುಡುಕುವವರು ಮೆಹಬೂಬ್‌ನಗರ, ಅನಂತಪುರದ ಕಚೇರಿಗಳಲ್ಲೂ ವಿಚಾರಿಸಬೇಕಾಗುತ್ತದೆ.

ಕಡತ ಇಲ್ಲದಿದ್ದರೆ ಏನಾಗುತ್ತದೆ: ಎಂಡೋಸಲ್ಫಾನ್ ಪಾಠ

ಕಡತದ ಬೆಲೆ ಏನೆಂದು ಕಾಸರಗೋಡಿನ ಕನ್ನಡ ಹಳ್ಳಿಗಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದು ನಿಂತದ್ದು 2000ದ ಹೊತ್ತಿಗೆ. ಪಡ್ರೆ ಗ್ರಾಮದ ವಾಣಿನಗರದಲ್ಲಿ ದವಾಖಾನೆ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರದೌರ್ಬಲ್ಯ, ಬುದ್ಧಿಮಾಂದ್ಯ, ಕ್ಯಾನ್ಸರ್ ಮುಂತಾದವು ಒಂದೇ ಕಡೆಯಲ್ಲಿ ವಿಪರೀತ ಕಾಣುತ್ತಿರುವುದನ್ನು ಗಮನಿಸಿ 1990ರ ದಶಕದಲ್ಲೇ ಬರೆದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಲುಪಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ವಾಣಿನಗರದ ಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜ ಪಂಚಾಯತಿನ ಮಕ್ಕಳೊಂದಿಗೆ ಹೋಲಿಸಿ 2002ರಲ್ಲಿ ವರದಿ ಕೊಟ್ಟರು. ಅಷ್ಟು ದೊಡ್ಡ ವಿಚಾರ ಮೊದಲು ಗೊತ್ತಾದದ್ದು ಊರಿನ ಒಬ್ಬ ವೈದ್ಯರ ಸೂಕ್ಷ್ಮ ಗಮನದಿಂದ.

ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಹೇಳಿತು. ಹಣ ತಡವಾದದ್ದಕ್ಕೆ 2022ರಲ್ಲಿ ಮತ್ತೆ ಅದೇ ಕೋರ್ಟು ರಾಜ್ಯ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಇದರ ನಡುವೆ ಯಾರು ಸಂತ್ರಸ್ತರು ಎಂಬ ಪಟ್ಟಿಯ ಜಗಳವೇ ದೊಡ್ಡದಾಯಿತು. 2017ರ ವೈದ್ಯಕೀಯ ಶಿಬಿರದ ನಂತರ ಪಟ್ಟಿಯಿಂದ ಹೊರಗುಳಿದ 1,031 ಮಂದಿಗಾಗಿ ಮನೆಯವರು ವರ್ಷಗಟ್ಟಲೆ ಹೋರಾಡಿದರು. ಪಟ್ಟಿಗೆ ಸೇರಬೇಕಾದವರು ರೋಗ ಯಾವಾಗ ಶುರುವಾಯಿತು, ಎಲ್ಲಿ ತೋರಿಸಿದರು ಎಂದು ತೋರಿಸಬೇಕು. ಈ ಭಾಗದವರು ದೊಡ್ಡ ಕಾಯಿಲೆಗೆ ಮೊದಲಿನಿಂದಲೂ ಹೋಗುವುದು ಮಂಗಳೂರಿಗೆ. ಅಂದರೆ ಕೇರಳದ ಪಟ್ಟಿಗೆ ಬೇಕಾದ ಸಾಕ್ಷಿ ಕರ್ನಾಟಕದ ಆಸ್ಪತ್ರೆಗಳ ರೆಕಾರ್ಡ್ ರೂಮಿನಲ್ಲಿ. ಇಪ್ಪತ್ತು ವರ್ಷ ಹಿಂದಿನ ಕಡತವನ್ನು ಇಟ್ಟುಕೊಳ್ಳಲೇಬೇಕೆಂದು ಆಸ್ಪತ್ರೆಗೆ ಕಾನೂನಿನ ಒತ್ತಾಯವಿರಲಿಲ್ಲ.

ಎಷ್ಟು ವರ್ಷ ಇಡಬೇಕು?

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳ ಪ್ರಕಾರ, ದಾಖಲಾದ ರೋಗಿಯ ಕಡತವನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟಿರಬೇಕು. ರೋಗಿ, ರೋಗಿಯಿಂದ ಅಧಿಕಾರ ಪಡೆದವರು ಅಥವಾ ಕಾನೂನು ಅಧಿಕಾರಿಗಳು ಕೇಳಿದರೆ ಸ್ವೀಕೃತಿ ಕೊಟ್ಟು 72 ಗಂಟೆಗಳಲ್ಲಿ ದಾಖಲೆ ಕೊಡಬೇಕು. ಈ 72 ಗಂಟೆಯನ್ನು ನೆನಪಿಟ್ಟುಕೊಳ್ಳಿ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದು, ಅದೇ ತಿಂಗಳಲ್ಲಿ ತಡೆಹಿಡಿಯಿತು. ಆದ್ದರಿಂದ 2002ರದ್ದೇ ನಡೆಯುತ್ತಿದೆ. ದಾಖಲೆಯ ಪ್ರತಿ ಕೊಡಲು ಆಸ್ಪತ್ರೆ ನಿರಾಕರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟು 1996ರಲ್ಲೇ ರಹೇಜಾ ಪ್ರಕರಣದಲ್ಲಿ ಹೇಳಿತ್ತು.

ಗರ್ಭಪಾತಕ್ಕೆ ಸಂಬಂಧಿಸಿದ ರಿಜಿಸ್ಟರನ್ನು 5 ವರ್ಷ, ಗರ್ಭಿಣಿಯರ ಸ್ಕ್ಯಾನಿಂಗ್ ದಾಖಲೆಯನ್ನು 2 ವರ್ಷ ಇಡಬೇಕೆಂಬ ಬೇರೆ ನಿಯಮಗಳಿವೆ. ಕೋರ್ಟಿನಲ್ಲಿ ಮೊಕದ್ದಮೆ ಇದ್ದರೆ ಅದು ಮುಗಿಯುವವರೆಗೆ ಕಡತ ಮುಟ್ಟುವಂತಿಲ್ಲ. ಮಕ್ಕಳ ವಿಷಯದಲ್ಲಿ 3 ವರ್ಷ ಏನೇನೂ ಸಾಲದು. ಹೆರಿಗೆಯ ವೇಳೆ ತೊಂದರೆಯಾದ ಮಗು 18 ತುಂಬಿದ ಮೇಲೆ ತಾನೇ ದಾವೆ ಹೂಡಲು ಕಾನೂನಿನಲ್ಲಿ ಅವಕಾಶವಿರುತ್ತದೆ, ಆ ಹೊತ್ತಿಗೆ ಹೆರಿಗೆಯ ಕಡತ ಎಲ್ಲಿರುತ್ತದೋ. ಕೇಂದ್ರ ಆರೋಗ್ಯ ಇಲಾಖೆಯ 2016ರ ವಿದ್ಯುನ್ಮಾನ ದಾಖಲೆಗಳ ಮಾನದಂಡಗಳು ರೋಗಿಯ ಜೀವಮಾನಪೂರ್ತಿ ದಾಖಲೆ ಇರಲಿ ಎನ್ನುತ್ತವೆ. ಆಸ್ಪತ್ರೆ ರೋಗಿಯ ಪರವಾಗಿ ಕಾಯುವವನು, ಅದರೊಳಗಿನ ಮಾಹಿತಿ ರೋಗಿಯದು ಎಂಬ ತತ್ವವೂ ಅದರಲ್ಲಿದೆ. ತತ್ವ ಚೆನ್ನಾಗಿದೆ, ಆದರೆ ಪಾಲಿಸದಿದ್ದರೆ ದಂಡ ಹಾಕುವ ಕಾನೂನು ಅದಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕೋರ್ಟು ಅಥವಾ ನ್ಯಾಯಮಂಡಳಿ ಒಪ್ಪಿದ ಕಂಪನಿ ವಿಲೀನಕ್ಕೆ ಅಗತ್ಯವಾದಷ್ಟು ಮಾಹಿತಿ ಬಳಕೆಗೆ ಹಲವು ವಿನಾಯಿತಿ ಕೊಡಲಾಗಿದೆ. ಅಂದರೆ ವಿಲೀನದ ವೇಳೆ ಪ್ರತಿ ರೋಗಿಯ ಒಪ್ಪಿಗೆ ಕೇಳಬೇಕಾಗಿಲ್ಲ. ಆದರೆ ಮಾಹಿತಿ ಸೋರದಂತೆ ಕಾಯುವ ಹೊಣೆಗೆ ವಿನಾಯಿತಿ ಇಲ್ಲ. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಮುಖ್ಯ ಕಲಮುಗಳ ಜಾರಿಗೆ 18 ತಿಂಗಳ ಕಾಲಾವಕಾಶ ಕೊಡಲಾಯಿತು.

ಕೈಯಲ್ಲಿ ದುಡ್ಡಿಲ್ಲದಾಗ ಏನನ್ನು ಉಳಿಸಬೇಕು?

ಆಸ್ಪತ್ರೆಯ ಬಜೆಟ್ಟಿನಲ್ಲಿ ಔಷಧ, ಸಂಬಳ, ಕರೆಂಟು ಕಳೆದು ಉಳಿದದ್ದರಲ್ಲಿ ರೆಕಾರ್ಡ್ ರೂಮಿಗೆ ಪಾಲು. ರೆಕಾರ್ಡ್ ಕೀಪರ್ ಹುದ್ದೆ ಖಾಲಿಯಾದರೆ ಬೇಗ ತುಂಬುವುದಿಲ್ಲ. ಕಟ್ಟುಗಳು ಮೆಟ್ಟಿಲ ಕೆಳಗೆ, ಹಳೆಯ ಶವಾಗಾರದ ಪಕ್ಕದ ಕೋಣೆಗೆ, ಸೋರುವ ತಾರಸಿಯ ಕೆಳಗೆ ಹೋಗುತ್ತವೆ. ವಿಲೀನವಾದಾಗ 'ಎಲ್ಲವನ್ನೂ ಸ್ಕ್ಯಾನ್ ಮಾಡಿಬಿಡೋಣ' ಎಂಬ ಉತ್ಸಾಹ ಬರುತ್ತದೆ. ಎರಡು ತಿಂಗಳು ನಡೆದು, ಹಣ ಮುಗಿದು, ಅರ್ಧಕ್ಕೆ ನಿಲ್ಲುತ್ತದೆ. ಸ್ಕ್ಯಾನ್ ಆದದ್ದು ಯಾವುದು, ಆಗದ್ದು ಯಾವುದು ಎಂದೂ ತಿಳಿಯದಂತಾಗುತ್ತದೆ.

ಈ ಕೆಲಸ ಬಲ್ಲವರು ಬೇರೆ ದಾರಿ ಹಿಡಿಯುತ್ತಾರೆ. ಮೊದಲು ಉಳಿಸಬೇಕಾದದ್ದು ರಿಜಿಸ್ಟರುಗಳು: ದಾಖಲಾತಿ, ಹೆರಿಗೆ, ಮರಣ, ಆಪರೇಷನ್, ಎಂಎಲ್‌ಸಿ. ಒಂದು ವರ್ಷದ ಸಾವಿರಾರು ಕಡತಗಳಿಗೆ ಇವು ಬೆರಳೆಣಿಕೆಯ ಪುಸ್ತಕಗಳು. ಮೊಬೈಲ್ ಕ್ಯಾಮೆರಾದಲ್ಲೂ ಪುಟಪುಟ ತೆಗೆದಿಡಬಹುದು. ಕಡತವೇ ಹೋದರೂ 'ಈ ಹೆಸರಿನವರು ಈ ದಿನ ಈ ಕಾಯಿಲೆಗೆ ಇಲ್ಲಿ ದಾಖಲಾಗಿದ್ದರು' ಎಂದು ರಿಜಿಸ್ಟರು ನೋಡಿ ಪ್ರಮಾಣಪತ್ರ ಕೊಡಲು ಸಾಧ್ಯವಾಗುತ್ತದೆ. ಎರಡನೆಯದು ಹಳೆ-ಹೊಸ ನಂಬರಿನ ಪಟ್ಟಿ, ಅದೂ ಕಂಪ್ಯೂಟರಿನಲ್ಲೊಂದು, ಕಾಗದದಲ್ಲೊಂದು. ಆಮೇಲೆ ಪೊಲೀಸ್ ಪ್ರಕರಣ, ಮಕ್ಕಳು, ಕ್ಯಾನ್ಸರ್, ಡಯಾಲಿಸಿಸ್, ಮಾನಸಿಕ ಕಾಯಿಲೆ, ಹೃದಯಕ್ಕೆ ಸ್ಟೆಂಟ್ ಅಥವಾ ಕೀಲು ಹಾಕಿಸಿಕೊಂಡವರ ಕಡತ. ಮಾಮೂಲಿ ಜ್ವರ, ಭೇದಿಯ ಕಡತಗಳಿಗೆ ಸರದಿ ಕೊನೆಗೆ. ಅವಧಿ ಮೀರಿದ್ದನ್ನು ನಾಶ ಮಾಡುವುದೂ ತಪ್ಪಲ್ಲ, ಜಾಗ ಬೇಕಲ್ಲ. ಆದರೆ ಸಮಿತಿ ಮಾಡಿ, ಮುಂಚಿತವಾಗಿ ಪ್ರಕಟಣೆ ಕೊಟ್ಟು, ಏನನ್ನು ನಾಶ ಮಾಡಲಾಯಿತೆಂದು ಬರೆದಿಟ್ಟು ಮಾಡಬೇಕು. ಗಡಿ ಜಿಲ್ಲೆಗಳಲ್ಲಿ ಆ ಪ್ರಕಟಣೆ ಕನ್ನಡ ಪತ್ರಿಕೆಯಲ್ಲೂ ಬರಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ. ಹಳೆಯ ಎಕ್ಸ್‌ರೇ ಫಿಲಂನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದಕ್ಕೆ ಗುಜರಿಯವರು ದುಡ್ಡು ಕೊಡುತ್ತಾರೆ. ಮೊದಲು ಖಾಲಿಯಾಗುವುದು ಎಕ್ಸ್‌ರೇ ಕೋಣೆಯೇ.

ಕಂಪ್ಯೂಟರು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮಹಾರಾಷ್ಟ್ರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ನಡೆದ ಕಂಪ್ಯೂಟರ್ ದಾಖಲೆ ವ್ಯವಸ್ಥೆ 2022ರ ಜುಲೈಯಲ್ಲಿ ಗುತ್ತಿಗೆಯ ತಕರಾರಿನಿಂದ ನಿಂತಿತು. ವೈದ್ಯರು ಮತ್ತೆ ಪೆನ್ನು ಹಿಡಿದರು, ಹಳೆಯ ವರದಿಗಳನ್ನು ತೆರೆದು ನೋಡಲು ಪರದಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿಯಾಗಿ ಅಲ್ಲಿಯೂ ಹಲವು ದಿನ ಕಾಗದದಲ್ಲೇ ಕೆಲಸ ನಡೆಯಿತು. ಆಸ್ಪತ್ರೆ ಕೈ ಬದಲಾದಾಗ ಹಳೆಯ ಸಾಫ್ಟ್‌ವೇರಿನ ವಾರ್ಷಿಕ ಶುಲ್ಕ ಕಟ್ಟುವುದನ್ನು ಹೊಸಬರು ನಿಲ್ಲಿಸುತ್ತಾರೆ. ನಿಲ್ಲಿಸುವ ಮೊದಲು ಮಾಹಿತಿಯನ್ನು ಎಲ್ಲಿ ಬೇಕಾದರೂ ತೆರೆಯಬಹುದಾದ ಸಾದಾ ರೂಪದಲ್ಲಿ ಇಳಿಸಿಕೊಂಡರೆ ಬದುಕಿತು.

ರೋಗಿಯ ಕಡೆಯವರು ಮಾಡಬೇಕಾದದ್ದು

ಆಸ್ಪತ್ರೆ ಮಾರಾಟವಾಗುತ್ತದಂತೆ, ಸ್ಥಳಾಂತರವಾಗುತ್ತದಂತೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಅರ್ಜಿ ಹಾಕುವುದು ಒಳ್ಳೆಯದು. ಬಿಳಿ ಹಾಳೆಯಲ್ಲಿ ಹೆಸರು, ರೋಗಿ ನಂಬರು, ಐಪಿ ನಂಬರು, ದಾಖಲಾದ ಮತ್ತು ಬಿಡುಗಡೆಯಾದ ತಾರೀಕು ಬರೆದು 'ಪೂರ್ತಿ ಕೇಸ್ ಶೀಟಿನ ಪ್ರತಿ ಬೇಕು' ಎಂದು ಕೇಳಬೇಕು. ಇನ್ನೊಂದು ಪ್ರತಿಯ ಮೇಲೆ ತಲುಪಿದ ಸೀಲು, ತಾರೀಕು ಹಾಕಿಸಿಕೊಂಡರೆ 72 ಗಂಟೆಯ ಲೆಕ್ಕ ಅಲ್ಲಿಂದ ಶುರು. ಜೆರಾಕ್ಸಿನ ಖರ್ಚು ಕೇಳಬಹುದು, ಕೊಡಬೇಕು. ರೋಗಿ ಬರಲಾಗದಿದ್ದರೆ ಸಹಿ ಮಾಡಿದ ಅಧಿಕಾರ ಪತ್ರ, ತೀರಿಕೊಂಡಿದ್ದರೆ ಮರಣ ಪತ್ರ ಮತ್ತು ಸಂಬಂಧದ ದಾಖಲೆ ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ದಾರಿಯೂ ಇದೆ. ಅದರಲ್ಲಿ 30 ದಿನ ಗಡುವು, ಜೀವದ ಪ್ರಶ್ನೆಯಾದರೆ 48 ಗಂಟೆ.

ಆಸ್ಪತ್ರೆ ಮುಚ್ಚಿಯೇ ಹೋಗಿದ್ದರೆ? ಖಾಸಗಿ ಆಸ್ಪತ್ರೆಗಳಿಗೆ ಪರವಾನಗಿ ಕೊಡುವವರನ್ನು ಕೇಳಬೇಕು. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಕೇರಳದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ನೋಂದಣಿ ಪ್ರಾಧಿಕಾರವಿದೆ. ಆಸ್ಪತ್ರೆ ಇದ್ದ ಜಿಲ್ಲೆಯ ಪ್ರಾಧಿಕಾರಕ್ಕೆ ಬರೆಯಬೇಕೇ ಹೊರತು ರೋಗಿಯ ಜಿಲ್ಲೆಯದ್ದಕ್ಕಲ್ಲ. ಮಂಜೇಶ್ವರದವರು ಮಂಗಳೂರಿನ ಆಸ್ಪತ್ರೆಯ ಬಗ್ಗೆ ಕಾಸರಗೋಡಿನಲ್ಲಿ ಅರ್ಜಿ ಕೊಟ್ಟು ಕಾದರೆ ಸಮಯ ಹೋಗುತ್ತದೆ ಅಷ್ಟೆ. ಮುಚ್ಚಿದ ಸರ್ಕಾರಿ ಆಸ್ಪತ್ರೆಯ ವಿಷಯಕ್ಕೆ ಆ ಜಿಲ್ಲೆಯ ವೈದ್ಯಾಧಿಕಾರಿ ಕಚೇರಿ.

ಜನನ-ಮರಣದ ವಿಷಯದಲ್ಲಿ ಹೆದರಬೇಕಾಗಿಲ್ಲ. ಮಗು ಹುಟ್ಟಿದ ಊರಿನ ನೋಂದಣಾಧಿಕಾರಿಗೆ ಆಸ್ಪತ್ರೆ 21 ದಿನದೊಳಗೆ ತಿಳಿಸಬೇಕಾದ್ದು ಕಾನೂನು. ಹಾಗಾಗಿ ಆಸ್ಪತ್ರೆ ಹೋದರೂ ನೋಂದಣಿ ಉಳಿಯುತ್ತದೆ. ಆದರೆ ಮಗು ಮಂಗಳೂರಿನಲ್ಲಿ ಹುಟ್ಟಿದರೆ ನೋಂದಣಿಯೂ ಮಂಗಳೂರಿನಲ್ಲೇ, ಅಜ್ಜನ ಮನೆಯ ಪಂಚಾಯತಿನಲ್ಲಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಹಲವು ಕೆಲಸಗಳಿಗೆ ಜನನ ಪತ್ರವೇ ಆಧಾರವಾಗಿರುವುದರಿಂದ ಹೆರಿಗೆಯಾದ ತಿಂಗಳಲ್ಲೇ ಅದನ್ನು ತೆಗೆದಿಟ್ಟುಕೊಳ್ಳಬೇಕು.

2021ರಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯ 14 ಅಂಕೆಯ ಆಭಾ ನಂಬರು ರಾಜ್ಯದ ಗಡಿ ನೋಡುವುದಿಲ್ಲ. ಎರಡು ರಾಜ್ಯಗಳ ಆಸ್ಪತ್ರೆ ಹತ್ತುವವರಿಗೆ ಉಪಯೋಗವಾಗಬಹುದು. ಹಳೆಯ ಕಾಗದ ತಾನಾಗಿ ಅದರೊಳಗೆ ಬರುವುದಿಲ್ಲ. ಫೋಟೊ ತೆಗೆದು ಸೇರಿಸಬೇಕು, ಆಸ್ಪತ್ರೆಯೂ ಅದಕ್ಕೆ ಜೋಡಿಸಿಕೊಂಡಿರಬೇಕು.

ಮನೆಯಲ್ಲಿ ಏನು ಇಟ್ಟಿರಬೇಕು ಎಂದರೆ, ಡಿಸ್ಚಾರ್ಜ್ ಸಮ್ಮರಿಗಳು ಎಲ್ಲವೂ, ಆಪರೇಷನ್ ಆಗಿದ್ದರೆ ಅದರ ಟಿಪ್ಪಣಿ, ಸ್ಟೆಂಟ್, ಕೃತಕ ಕೀಲು, ಕಣ್ಣಿನ ಲೆನ್ಸಿನ ಜೊತೆ ಬರುವ ಸ್ಟಿಕರ್ ಅಥವಾ ಕಾರ್ಡು, ಸ್ಕ್ಯಾನಿಂಗ್ ಸಿಡಿ, ತಾಯಿ ಕಾರ್ಡು, ಮಕ್ಕಳ ಲಸಿಕೆ ಕಾರ್ಡು. ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸಿದ್ದರೆ ಆ ವರದಿಯ ಮೇಲಿನ ಬ್ಲಾಕ್ ನಂಬರು ಬಹಳ ಮುಖ್ಯ, ಏಕೆಂದರೆ ಮೇಣದಲ್ಲಿ ಇಟ್ಟ ಆ ತುಣುಕನ್ನೇ ಮತ್ತೆ ಪರೀಕ್ಷಿಸಬೇಕಾಗಿ ಬರುತ್ತದೆ. ಲ್ಯಾಬಿನಲ್ಲಿ ಅದನ್ನು ಹುಡುಕುವುದು ಆ ನಂಬರಿನಿಂದ ಮಾತ್ರ. ಥರ್ಮಲ್ ಕಾಗದದ ಇಸಿಜಿ ಒಂದೆರಡು ವರ್ಷದಲ್ಲಿ ಮಾಸುತ್ತದೆ, ಅದನ್ನು ಜೆರಾಕ್ಸ್ ಮಾಡಿಸಿಡಬೇಕು. ಲ್ಯಾಮಿನೇಶನ್ ಮಾಡಿಸಬಾರದು, ಬಿಸಿಗೆ ಅದು ಪೂರ್ತಿ ಕಪ್ಪಾಗುತ್ತದೆ.